ಬಂದೂಕು ಕರಗಿಸುವ ಮುನ್ನ

ಮಾನ್ಯ ಸಂಪಾದಕರೇ,

‘ಬಂದೂಕುಗಳನ್ನು ಕರಗಿಸಿ ಕಲಾಕೃತಿ ಮಾಡಲಾಯಿತು’ ಎಂಬ ಒಂದು ಸಾಲಿನ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಲೋಹಶಿಲ್ಪ ಮತ್ತು ಎರಕವನ್ನೇ ಕಸುಬಾಗಿಸಿಕೊಂಡಿರುವ ನಮಗೆ ಆ ಸಾಲಿನಲ್ಲಿ ಬಿಟ್ಟುಹೋದ ಸಂಗತಿಗಳೇ ಮುಖ್ಯವೆನಿಸುತ್ತವೆ. ಬಂದೂಕು ಎಲ್ಲಿಂದ ಬಂತು, ಯಾರು ಒಪ್ಪಿಸಿದರು, ಅದನ್ನು ಕರಗಿಸಿದರೋ ಕತ್ತರಿಸಿದರೋ, ಅಚ್ಚು ಮಾಡಿದ ಕೈಗಳು ಯಾರವು? ಇಷ್ಟು ಗೊತ್ತಾಗದೆ ಆ ಕೃತಿ ಯುದ್ಧದ ಬಗ್ಗೆ ಏನು ಹೇಳುತ್ತಿದೆ ಎಂದು ತಿಳಿಯುವುದು ಕಷ್ಟ. ಸ್ಮಾರಕಗಳಿಗೆ ಹಳೆಯ ಶಸ್ತ್ರ, ತುಕ್ಕು ಹಿಡಿದ ಕಬ್ಬಿಣ, ಘಟನೆ ನಡೆದ ಜಾಗದ ಮಣ್ಣು ಬಳಸಬೇಕೆಂದು ಆಸೆಪಡುವ ಕಲಾವಿದರು, ಸಮಿತಿಗಳು ನಮ್ಮಲ್ಲೂ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಮೊಜಾಂಬಿಕ್ ನೋಡೋಣ. 1977ರಿಂದ 1992ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. 1992ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಒಪ್ಪಂದವಾಯಿತು. ಆದರೆ ಲಕ್ಷಗಟ್ಟಲೆ ಬಂದೂಕುಗಳು ಜನರ ಬಳಿಯೇ ಉಳಿದವು. 1995ರಲ್ಲಿ ಬಿಷಪ್ ದಿನಿಸ್ ಸೆಂಗುಲಾನೆ ಅವರ ಮುಂದಾಳತ್ವದಲ್ಲಿ ಅಲ್ಲಿನ ಕ್ರೈಸ್ತ ಮಂಡಳಿ ಒಂದು ಯೋಜನೆ ಶುರುಮಾಡಿತು: ಬಂದೂಕು ತಂದುಕೊಟ್ಟವರಿಗೆ ಹೊಲಿಗೆ ಯಂತ್ರ, ಸೈಕಲ್, ಗುದ್ದಲಿ, ಚಾವಣಿಯ ಶೀಟು. ಒಂದು ಹಳ್ಳಿಯವರು 500 ಬಂದೂಕು ಒಪ್ಪಿಸಿ ಟ್ರ್ಯಾಕ್ಟರ್ ಪಡೆದರು. ಹೀಗೆ ಬಂದ ಶಸ್ತ್ರಗಳನ್ನು ತುಂಡರಿಸಿ ಒಂದಷ್ಟನ್ನು ರಾಜಧಾನಿ ಮಾಪುಟೊದ ಕಲಾವಿದರಿಗೆ ಕೊಡಲಾಯಿತು. 2001ರಲ್ಲಿ ಕ್ರಿಸ್ಟೊವಾವ್ ಕಾನ್ಯವಾಟೊ (ಕೆಸ್ಟರ್ ಎಂದೇ ಪರಿಚಿತರು) ಮಾಡಿದ ‘ಶಸ್ತ್ರಗಳ ಸಿಂಹಾಸನ’ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಆ ಕುರ್ಚಿಯನ್ನು ಹತ್ತಿರದಿಂದ ಗಮನಿಸಬೇಕು. ಬೆನ್ನಿಗೆ ನಿಂತಿರುವವು ಪೋರ್ಚುಗಲ್‌ನ ಹಳೆಯ ಜಿ3 ರೈಫಲ್‌ಗಳು. ಅವುಗಳ ಹಿಡಿಕೆಗಳು ಮೇಲಕ್ಕೆ ಚಾಚಿಕೊಂಡಿವೆ. ಹಿಡಿಕೆಯ ತುದಿಯಲ್ಲಿ ತಿರುಪಿನ ಎರಡು ತೂತು, ಪಟ್ಟಿ ಸಿಕ್ಕಿಸುತ್ತಿದ್ದ ಗುರುತು ಸೇರಿ ಮುಖದಂತೆ ಕಾಣುತ್ತವೆ. ಕಲಾವಿದ ಕೆತ್ತಿದ್ದಲ್ಲ ಅದು, ಬಂದೂಕಿನಲ್ಲೇ ಇದ್ದದ್ದು. ಉಳಿದ ಭಾಗಗಳಲ್ಲಿ ಸೋವಿಯತ್ ಒಕ್ಕೂಟ, ಪೋಲೆಂಡ್, ಜೆಕೊಸ್ಲೊವಾಕಿಯಾ, ಉತ್ತರ ಕೊರಿಯಾದ ರೈಫಲ್‌ಗಳಿವೆ. ಒಂದೂ ಆಫ್ರಿಕಾದಲ್ಲಿ ತಯಾರಾದದ್ದಲ್ಲ. ಯುದ್ಧ ಮೊಜಾಂಬಿಕ್‌ನದು, ಬಂದೂಕು ಬೇರೆಯವರದು ಎಂಬ ಮಾತಿಗೆ ಆ ಕುರ್ಚಿಯೇ ಸಾಕ್ಷ್ಯ. ಭಾಗಗಳನ್ನು ಗುರುತು ಸಿಗುವಂತೆ ಉಳಿಸಿಕೊಂಡದ್ದರಿಂದ ಮಾತ್ರ ಈ ಸಾಕ್ಷ್ಯ ಉಳಿದಿದೆ. ಅದೇ ಲೋಹವನ್ನು ಕುಲುಮೆಗೆ ಹಾಕಿದ್ದರೆ ಯಾವ ದೇಶ ಯಾರಿಗೆ ಬಂದೂಕು ಮಾರಿತು ಎಂಬುದು ಕಸದೊಂದಿಗೆ ತೇಲಿ ಹೋಗುತ್ತಿತ್ತು. (ಮೊಜಾಂಬಿಕ್‌ನ ರಾಷ್ಟ್ರಧ್ವಜದಲ್ಲಿ ಇಂದಿಗೂ ಎಕೆ-47ರ ಚಿತ್ರವಿದೆ. ಹಾಗಾಗಿ ಈ ಕುರ್ಚಿ ಅಲ್ಲಿನವರಿಗೆ ಮುಟ್ಟುವ ರೀತಿಯೇ ಬೇರೆ.)

ಕತ್ತರಿಸಿ ಬೆಸೆಯುವುದು ಸುಲಭದ ಕೆಲಸ ಎಂಬ ಭಾವನೆ ಇದೆ. ಹಾಗೇನಿಲ್ಲ. ಮೊದಲ ನಿಯಮ, ಶಸ್ತ್ರತಜ್ಞರು ಪರೀಕ್ಷಿಸಿ ತುಂಡರಿಸುವ ತನಕ ಕಲಾವಿದ ಅದನ್ನು ಮುಟ್ಟಬಾರದು. ಗುಂಡು ಕೂರುವ ಕೋಣೆ, ನಳಿಗೆ, ಬೋಲ್ಟ್, ಒಡಲು, ಈ ನಾಲ್ಕನ್ನೂ ಗ್ಯಾಸ್ ಕಟರ್‌ನಿಂದ ಓರೆಯಾಗಿ ಕತ್ತರಿಸಿರಬೇಕು. ನೇರ ಕತ್ತರಿಸಿದ್ದನ್ನು ಮತ್ತೆ ಜೋಡಿಸಬಹುದು, ಓರೆಯಾಗಿ ಲೋಹವೇ ಕರಗಿಹೋದದ್ದನ್ನು ಜೋಡಿಸಲಾಗದು. ಒಳಗಿನ ಸ್ಪ್ರಿಂಗ್‌ಗಳನ್ನು ತೆಗೆದುಬಿಡಬೇಕು. ಬಿಗಿಯಾಗಿ ಅದುಮಿಕೊಂಡಿರುವ ಸ್ಪ್ರಿಂಗ್ ಬಿಸಿ ತಾಗಿದಾಗ ಚಿಮ್ಮಿದರೆ ಕಣ್ಣಿಗೇ ಅಪಾಯ. ನಳಿಗೆಯೊಳಗೆ ಸೀಸದ ಪುಡಿ ಇರುತ್ತದೆ. ಒಣ ಬ್ರಷ್ ಹಾಕಿ ಉಜ್ಜಿದರೆ ಅದು ಉಸಿರಿಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದಲೇ ಒರೆಸಬೇಕು, ಆ ಬಟ್ಟೆಯನ್ನು ಬೇರೆಯಾಗಿಯೇ ವಿಲೇವಾರಿ ಮಾಡಬೇಕು.

ಇನ್ನು ವೆಲ್ಡಿಂಗ್. ಬಂದೂಕಿನ ಉಕ್ಕೆಲ್ಲ ಒಂದೇ ಜಾತಿಯದಲ್ಲ. ಎಕೆ-47ರ ಸುಧಾರಿತ ರೂಪವಾದ ಎಕೆಎಂ ರೈಫಲ್‌ನ ಒಡಲು ಬರೀ 1 ಮಿ.ಮೀ. ದಪ್ಪದ ತಗಡು, ನಳಿಗೆಯೋ ದಪ್ಪನೆಯ ಗಟ್ಟಿ ಉಕ್ಕು. ಎರಡಕ್ಕೂ ಒಂದೇ ಕರೆಂಟ್ ಇಟ್ಟರೆ ತಗಡು ತೂತಾಗುತ್ತದೆ, ಇಲ್ಲವೇ ನಳಿಗೆ ಹಿಡಿಯುವುದೇ ಇಲ್ಲ. ತಗಡಿಗೆ ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಮೊನೆಯಿಂದ, ಅನಿಲದ ಹೊದಿಕೆಯಲ್ಲಿ ಬೆಸೆಯುವುದು), 30–40 ಆಂಪಿಯರ್, 10 ಮಿ.ಮೀ. ಉದ್ದದ ಸಣ್ಣ ಸಣ್ಣ ಟಾಕಾ, ಹಿಂಬದಿಗೆ ತಾಮ್ರದ ಪಟ್ಟಿ. ನಳಿಗೆಯನ್ನು ಮೊದಲು 200–300 ಡಿಗ್ರಿಗೆ ಕಾಯಿಸಿ, ಚೆನ್ನಾಗಿ ಒಣಗಿಸಿದ 7018 ರಾಡ್ (ಕಡಿಮೆ ಹೈಡ್ರೋಜನ್‌ನ ವೆಲ್ಡಿಂಗ್ ಕಡ್ಡಿ) ಬಳಸಿ, ಆಮೇಲೆ ಬೂದಿಯಲ್ಲಿ ಹುದುಗಿಸಿ ನಿಧಾನವಾಗಿ ಆರಲು ಬಿಡಬೇಕು. ಕಾಯಿಸದೆ ಬೆಸೆದರೆ ಆ ಕ್ಷಣಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಒಂದೆರಡು ದಿನದ ಮೇಲೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಬಂದೂಕಿನ ಕಪ್ಪು ಲೇಪನವನ್ನು ಬೆಸುಗೆಯ ಎರಡೂ ಬದಿಗೆ 25 ಮಿ.ಮೀ. ತನಕ ಗ್ರೈಂಡ್ ಮಾಡಿ ತೆಗೆಯದಿದ್ದರೆ ಬೆಸುಗೆಯೊಳಗೆ ಗಾಳಿಗುಳ್ಳೆ ಖಚಿತ. ನಳಿಗೆಯ ಒಳಗೆ ಕ್ರೋಮ್ ಲೇಪನ, ಕೆಲವು ತಿರುಪುಗಳ ಮೇಲೆ ಕ್ಯಾಡ್ಮಿಯಂ ಇರಬಹುದು. ಎರಡರ ಹೊಗೆಯೂ ವಿಷವೇ. ಬಟ್ಟೆಯ ಮಾಸ್ಕ್ ಸಾಲದು, ಹೊಗೆ ಹೀರುವ ವ್ಯವಸ್ಥೆ ಬೇಕೇ ಬೇಕು.

ಕೃತಿ ದೊಡ್ಡದಾದಷ್ಟೂ ಇನ್ನೊಂದು ಸಮಸ್ಯೆ. ಕೆಸ್ಟರ್ ಮತ್ತು ಮೂವರು ಸಂಗಾತಿಗಳು 2004ರಲ್ಲಿ ಮಾಡಿದ ‘ಜೀವವೃಕ್ಷ’ ಮೂರೂವರೆ ಮೀಟರ್ ಎತ್ತರ, ಅರ್ಧ ಟನ್ ತೂಕ. ಇಷ್ಟು ಭಾರವನ್ನು ತರಹೇವಾರಿ ಉಕ್ಕುಗಳ ಬೆಸುಗೆಗಳ ಮೇಲೆ ಹೊರಿಸುವುದು ಜಾಣತನವಲ್ಲ. ಇಂಥ ಕೃತಿಗೆ ಕೈಹಾಕುವವರು ಒಳಗೊಂದು ಮೆದು ಉಕ್ಕಿನ ಪೈಪಿನ ಬೆನ್ನೆಲುಬು ಇಟ್ಟು, ಬಂದೂಕಿನ ಭಾಗಗಳು ಅದಕ್ಕೆ ಆತುಕೊಂಡಿರುವಂತೆ ಮಾಡುವುದು ಕ್ಷೇಮ.

ಇದಕ್ಕೆ ತೀರ ಬೇರೆಯ ದಾರಿ ಕೊಲಂಬಿಯಾದ್ದು. 2016ರ ನವೆಂಬರ್‌ನಲ್ಲಿ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ನಡುವೆ ಒಪ್ಪಂದವಾದಾಗ, ಒಪ್ಪಿಸಿದ ಶಸ್ತ್ರಗಳಿಂದ ಮೂರು ಸ್ಮಾರಕ ಮಾಡಬೇಕೆಂದು ಒಪ್ಪಂದದಲ್ಲೇ ಬರೆಯಲಾಗಿತ್ತು: ಒಂದು ಕೊಲಂಬಿಯಾದಲ್ಲಿ, ಒಂದು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ, ಒಂದು ಮಾತುಕತೆ ನಡೆದ ಕ್ಯೂಬಾದಲ್ಲಿ. ವಿಶ್ವಸಂಸ್ಥೆಯ ತಂಡ ಸುಮಾರು 9,000 ಶಸ್ತ್ರಗಳನ್ನು ಎಣಿಸಿ ಪಡೆಯಿತು. ಕೊಲಂಬಿಯಾದ ರಾಜಧಾನಿ ಬೊಗೋಟದ ಕೃತಿಯ ಹೊಣೆ ಅಲ್ಲಿನ ಶಿಲ್ಪಿ ದೊರಿಸ್ ಸಾಲ್ಸೆದೊ ಅವರಿಗೆ ಬಂತು. 37 ಟನ್ ಲೋಹ ಕೈಗೆ ಬಂದಾಗ ಯಾರಿಗಾದರೂ ಎತ್ತರದ ಕಂಬವೋ ಪ್ರತಿಮೆಯೋ ನೆನಪಾಗುತ್ತದೆ. ಸಾಲ್ಸೆದೊ ಅದನ್ನು ನೆಲಕ್ಕೆ ಹಾಸಿದರು. ಬಂದೂಕಿಗೆ ಎತ್ತರ ಕೊಟ್ಟರೆ ಅದಕ್ಕೆ ಗೌರವ ಕೊಟ್ಟಂತೆ, ಅದರ ಮೇಲೆ ನಾಗರಿಕರು ನಡೆದಾಡಬೇಕು ಎಂಬುದು ಅವರ ನಿಲುವು. ಸುಮಾರು 1,300 ಉಕ್ಕಿನ ಹಾಸುಗಳು. 2018ರ ಡಿಸೆಂಬರ್‌ನಲ್ಲಿ ಹಳೆಯ ಮನೆಯೊಂದರ ಪಾಳುಗೋಡೆಗಳ ನಡುವೆ ಗಾಜು-ಉಕ್ಕಿನ ಸರಳ ಕಟ್ಟಡದಲ್ಲಿ ‘ಫ್ರಾಗ್ಮೆಂತೋಸ್’ (ತುಣುಕುಗಳು) ತೆರೆಯಿತು.

ಆ ಹಾಸುಗಳ ಮೈ ನುಣುಪಾಗಿಲ್ಲ. ಯುದ್ಧದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರು ಲೋಹದ ಹಾಳೆಗಳನ್ನು ಸುತ್ತಿಗೆಯಿಂದ ಬಡಿದರು. ಆ ಪೆಟ್ಟುಗಳಿಂದಲೇ ಅಚ್ಚು ತಯಾರಾಯಿತು, ಆ ಅಚ್ಚಿಗೆ ಬಂದೂಕಿನ ಉಕ್ಕು ಸುರಿಯಿತು. ಇಲ್ಲಿಯೇ ನಮ್ಮ ಮುಖ್ಯ ಮಾತಿದೆ. ಕರಗಿದ ಉಕ್ಕಿಗೆ ತಾನು ಬಂದೂಕಾಗಿದ್ದ ನೆನಪು ಇರುವುದಿಲ್ಲ. ಪ್ರಯೋಗಾಲಯಕ್ಕೆ ಕಳಿಸಿದರೂ ಇಂಗಾಲ ಇಷ್ಟು, ಮ್ಯಾಂಗನೀಸ್ ಇಷ್ಟು ಎಂದಷ್ಟೇ ವರದಿ ಬರುತ್ತದೆ. ಕರಗಿಸುವ ದಾರಿ ಹಿಡಿದವರು ಅಳಿದುಹೋದ ಆ ಗುರುತಿನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಲೇಬೇಕು. ಬೊಗೋಟದಲ್ಲಿ ಆ ಜಾಗಕ್ಕೆ ಬಂದದ್ದು ಸಂತ್ರಸ್ತ ಮಹಿಳೆಯರ ಕೈ. ಹಾಗೆ ಏನನ್ನೂ ತಾರದೆ ಬರೀ ಕರಗಿಸಿ ಪಾರಿವಾಳದ ಅಚ್ಚಿಗೆ ಸುರಿದರೆ, ಗುಜರಿ ಉಕ್ಕಿನ ಪಾರಿವಾಳಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ.

ಸುತ್ತಿಗೆಯ ಪೆಟ್ಟು ಎರಕದಲ್ಲಿ ಉಳಿಯಬೇಕಾದರೆ ಏನೇನು ಮಾಡಬೇಕು ಎಂಬುದನ್ನೂ ಹೇಳುತ್ತೇವೆ. ಒಂದು ಪೆಟ್ಟಿನ ಆಳ ಕೆಲವೇ ಮಿ.ಮೀ. ಸಾಮಾನ್ಯ ಮರಳಿನ ಅಚ್ಚಿನಲ್ಲಿ ಅದರ ಅಂಚು ಮಸುಕಾಗುತ್ತದೆ. ಮಾದರಿಗೆ ತಾಗುವ ಮೊದಲ ಪದರಕ್ಕೆ ನುಣ್ಣನೆಯ ಮರಳು ಹಾಕಿ, ಅದರ ಹಿಂದೆ ದಪ್ಪ ಮರಳು ತುಂಬಬೇಕು. ಎಲ್ಲವನ್ನೂ ನುಣ್ಣನೆಯ ಮರಳಿನಲ್ಲೇ ಮಾಡಿದರೆ ಅನಿಲ ಹೊರಗೆ ಹೋಗಲು ದಾರಿಯಿಲ್ಲದೆ ಹಾಸಿನ ಮೈಯೆಲ್ಲ ತೂತು. ಉಕ್ಕು ಗಟ್ಟಿಯಾಗಿ ತಣ್ಣಗಾಗುವಾಗ ಸುಮಾರು ಶೇ 2ರಷ್ಟು ಕುಗ್ಗುತ್ತದೆ: 600 ಮಿ.ಮೀ.ಗೆ 12 ಮಿ.ಮೀ. ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡದಿದ್ದರೆ ನೆಲದ ಲೆಕ್ಕ ತಪ್ಪುತ್ತದೆ. ತೆಳುವಾದ, ಅಗಲವಾದ ಹಾಸು ಆರುವಾಗ ಬಾಗುವುದೂ ಸಾಮಾನ್ಯ. ಅಚ್ಚಿನಲ್ಲೇ ಪೂರ್ತಿ ತಣಿಯುವ ತನಕ ಬಿಟ್ಟರೆ ಬಾಗು ಕಡಿಮೆ. ಬಾಗಿದ್ದನ್ನು ಆಮೇಲೆ ಪ್ರೆಸ್‌ನಲ್ಲಿ ಒತ್ತಲು ಹೋದರೆ ಸುತ್ತಿಗೆಯ ಗುರುತೇ ಚಪ್ಪಟೆಯಾಗುತ್ತದೆ. ಯಾವುದಕ್ಕಾಗಿ ಇಷ್ಟೆಲ್ಲ ಪಟ್ಟೆವೋ ಅದೇ ಹೋಗುತ್ತದೆ.

ಕುಲುಮೆಗೆ ಹೋಗುವ ಮುನ್ನ ಪ್ರತಿ ನಳಿಗೆಯೂ ಸೀಳಿರಬೇಕು. ಎರಡೂ ಕಡೆ ಮುಚ್ಚಿಹೋದ ಕೊಳವೆಯಲ್ಲಿ ಒಂದು ಚಮಚ ನೀರಿದ್ದರೂ 1,550 ಡಿಗ್ರಿಯ ದ್ರವದಲ್ಲಿ ಅದು ಸ್ಫೋಟವೇ. ಮರದ ಹಿಡಿಕೆ, ಬೇಕಲೈಟ್, ರಬ್ಬರ್ ಎಲ್ಲ ಹೊರಗೆ. ಮ್ಯಾಗಜೀನ್‌ನಲ್ಲಿ ಉಳಿದ ಹಿತ್ತಾಳೆಯ ತೋಟಾಗಳು ಎರಡು ಬಗೆಯ ತೊಂದರೆ ಕೊಡುತ್ತವೆ. ಜೀವಂತ ತೋಟಾ ಸಿಡಿಯುತ್ತದೆ. ಖಾಲಿ ತೋಟಾದ ಸತು ಬಿಳಿ ಹೊಗೆಯಾಗಿ ಎದ್ದು ಕೆಲಸಗಾರರಿಗೆ ಚಳಿಜ್ವರ ಬರಿಸುತ್ತದೆ, ಅದರ ತಾಮ್ರ ಉಕ್ಕಿನೊಳಗೆ ಸೇರಿ ಎರಕ ಬಿಸಿಯಲ್ಲೇ ಬಿರುಕು ಬಿಡುವಂತೆ ಮಾಡುತ್ತದೆ. ಬಗೆಬಗೆಯ ಉಕ್ಕು ಬೆರೆಯುವುದರಿಂದ ಪ್ರತಿ ಕರಗಿಸುವಿಕೆಯಲ್ಲೂ ಮಾದರಿ ತೆಗೆದು ಇಂಗಾಲ ನೋಡಲೇಬೇಕು. ಸುರಿಯುವ ಮುನ್ನ ಟನ್‌ಗೆ ಸುಮಾರು ಒಂದು ಕಿಲೊ ಅಲ್ಯೂಮಿನಿಯಂ ಹಾಕಿ ಆಮ್ಲಜನಕ ಕಟ್ಟಿಹಾಕಬೇಕು. ಇದೆಲ್ಲ ಕಲಾವಿದನ ಹಿತ್ತಲಿನಲ್ಲಿ ಆಗುವ ಕೆಲಸವಲ್ಲ. ಕೊಲಂಬಿಯಾದಲ್ಲೂ ಇದು ನಡೆದದ್ದು ಸರ್ಕಾರದ ಶಸ್ತ್ರ ಕಾರ್ಖಾನೆಯ ಕುಲುಮೆಯಲ್ಲೇ.

ಮೆಕ್ಸಿಕೊದ ಕಲಾವಿದ ಪೆದ್ರೊ ರೇಯೆಸ್ ಕರಗಿಸಿದರೂ ಗುರುತು ಉಳಿಸಲು ಎಣಿಕೆಯನ್ನು ಬಳಸಿದರು. 2008ರಲ್ಲಿ ಕೂಲಿಯಾಕಾನ್ ನಗರದ ಜನ 1,527 ಬಂದೂಕು ಒಪ್ಪಿಸಿ ಗೃಹೋಪಯೋಗಿ ಸಾಮಾನಿನ ಕೂಪನ್ ಪಡೆದರು. ರೋಡ್ ರೋಲರ್ ಹಾಯಿಸಿ ಅವನ್ನು ಜಜ್ಜಿ, ಕರಗಿಸಿ, ಸರಿಯಾಗಿ 1,527 ಸಲಿಕೆ ಮಾಡಿಸಿದರು. ಅಷ್ಟೇ ಗಿಡ ನೆಡುವುದು ಸಂಕಲ್ಪ. ಸಂಖ್ಯೆಯಲ್ಲಿ ಒಂದು ಹೆಚ್ಚು ಕಡಿಮೆಯಾಗಿದ್ದರೂ ಅದು ಬರೀ ಸಲಿಕೆ ತಯಾರಿಕೆಯಾಗುತ್ತಿತ್ತು.

ಲೋಹ ಬಿಟ್ಟು ಮಣ್ಣಿಗೆ ಬರೋಣ. ಅಮೆರಿಕದ ಅಲಬಾಮ ರಾಜ್ಯದ ಮಾಂಟ್ಗೊಮೆರಿಯಲ್ಲಿ ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್ ಸಂಸ್ಥೆ 2018ರ ಏಪ್ರಿಲ್‌ನಲ್ಲಿ ತೆರೆದ ಸ್ಮಾರಕ, ಗುಂಪುಹಲ್ಲೆಯಲ್ಲಿ ಕೊಲೆಯಾದ ಸಾವಿರಾರು ಕಪ್ಪುಜನರದು. 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಇಂಥ ಕೊಲೆ ನಡೆದ ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆಯಂಥದು) ಒಂದೊಂದು. ಮೊದಲು ಕಣ್ಣಿನ ಮಟ್ಟಕ್ಕಿರುವ ಕಂಬಗಳು, ನೆಲ ಇಳಿಯುತ್ತ ಹೋದಂತೆ ತಲೆಯ ಮೇಲೆ ತೂಗಾಡುತ್ತವೆ. ಅದೇ ಸಂಸ್ಥೆ ಕೊಲೆ ನಡೆದ ಜಾಗಗಳಿಂದ ಊರವರ ಕೈಯಲ್ಲೇ ಮಣ್ಣು ಅಗೆಸಿ, ಗಾಜಿನ ಜಾಡಿಗಳಲ್ಲಿ ತುಂಬಿಸಿ, ಹೆಸರು, ಊರು, ತಾರೀಖು ಬರೆಸಿ ಸಾಲಾಗಿ ಇಟ್ಟಿದೆ. ಕಪ್ಪು, ಕೆಂಪು, ಮರಳು ಬಣ್ಣ, ಒಂದರಂತೆ ಒಂದಿಲ್ಲ. ನಮ್ಮ ದೃಷ್ಟಿಯಲ್ಲಿ ಕಂಬಗಳಿಗಿಂತ ಈ ಜಾಡಿಗಳೇ ಹೆಚ್ಚು ಮಾತಾಡುತ್ತವೆ.

ಮಣ್ಣನ್ನು ಜಾಡಿಯಲ್ಲಿಡುವುದರಲ್ಲಿ ಏನಿದೆ ಎಂದು ಕೇಳಬಹುದು. ಹಸಿ ಮಣ್ಣನ್ನು ಹಾಗೇ ಮುಚ್ಚಿಟ್ಟರೆ ಎರಡು ವಾರದಲ್ಲಿ ಗಾಜಿನ ಒಳಮೈಗೆ ನೀರು ಕಟ್ಟಿ ಬೂಷ್ಟು ಹಿಡಿಯುತ್ತದೆ. ತೆಳುವಾಗಿ ಹರಡಿ ನೆರಳಿನಲ್ಲಿ ಏಳೆಂಟು ದಿನ ಒಣಗಿಸಿ, ಬೇರು, ಎಲೆ, ಹುಳು ಆರಿಸಿ, ಕೈಗೆ ತಣ್ಣಗೆ ತಾಗದ ಮೇಲೆ ತುಂಬಬೇಕು. ಬೇಗ ಆಗಲಿ ಎಂದು ಜೋರು ಬೆಂಕಿಯಲ್ಲಿ ಹುರಿಯಬಾರದು, ಮಣ್ಣಿನ ಕಬ್ಬಿಣದ ಅಂಶ ಬಣ್ಣ ಬದಲಿಸಿ ಎಲ್ಲ ಮಣ್ಣೂ ಕೆಂಪಗಾಗುತ್ತದೆ. ಊರೂರಿನ ಬಣ್ಣದ ವ್ಯತ್ಯಾಸವೇ ಅಲ್ಲಿನ ಅರ್ಥವಾಗಿರುವಾಗ ಅದು ದೊಡ್ಡ ನಷ್ಟ. ಜಾಡಿಯ ಹೊರಗಿನ ಬರಹದ ಜೊತೆಗೆ ಒಳಗೂ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇರಲಿ. ಹೊರಗಿನದು ಮಾಸಿದರೆ ಯಾವ ಮಣ್ಣು ಯಾರದೆಂದು ಹೇಳುವವರಿಲ್ಲ.

ಮಾಂಟ್ಗೊಮೆರಿಯ ಆ ಕಂಬಗಳು ಕಾರ್ಟೆನ್ ಉಕ್ಕಿನವು, ತುಕ್ಕೇ ಅದರ ಮೇಲುಹೊದಿಕೆ. ಈ ಉಕ್ಕು ನಮ್ಮಲ್ಲೂ ಜನಪ್ರಿಯವಾಗಿರುವುದರಿಂದ ಎಚ್ಚರಿಕೆ ಹೇಳುವುದು ಅಗತ್ಯ. ನೆನೆದು ಒಣಗಿ, ನೆನೆದು ಒಣಗಿ, ಒಂದರಿಂದ ಮೂರು ವರ್ಷದಲ್ಲಿ ಅದರ ತುಕ್ಕು ಗಟ್ಟಿ ಪದರವಾಗುತ್ತದೆ. ಒಣಗಲು ಬಿಡುವಿಲ್ಲದ ಆಗುಂಬೆಯಂಥ ಕಡೆ ಆ ಪದರ ಕೂರುವುದಿಲ್ಲ, ಪದರಪದರವಾಗಿ ಉದುರುತ್ತದೆ. ಕಾರವಾರ, ಮಲ್ಪೆ, ಮಂಗಳೂರಿನ ಉಪ್ಪುಗಾಳಿಯಲ್ಲೂ ಅಷ್ಟೆ. ಬಯಲುಸೀಮೆಗೆ ಮಾತ್ರ ಒಗ್ಗುತ್ತದೆ, ಅದೂ ನೀರು ನಿಲ್ಲದಂತೆ ವಿನ್ಯಾಸ ಮಾಡಿದರೆ. ಮೊದಲ ವರ್ಷಗಳಲ್ಲಿ ಕಂದು ನೀರು ಇಳಿದು ಕೆಳಗಿನ ಗ್ರಾನೈಟ್ ಕಲೆಯಾಗುತ್ತದೆ, ಸುತ್ತ ಜಲ್ಲಿಯ ಚರಂಡಿ ಬೇಕು. ಸಾಮಾನ್ಯ ಉಕ್ಕಿಗೆ ಆಮ್ಲ ಸವರಿ ಕಾರ್ಟೆನ್ ಎಂದು ಕೊಡುವವರೂ ಇದ್ದಾರೆ, ತಾಮ್ರ ಮತ್ತು ಕ್ರೋಮಿಯಂ ಪ್ರಮಾಣವಿರುವ ಕಾರ್ಖಾನೆಯ ಪ್ರಮಾಣಪತ್ರ ಕೇಳಿ ಪಡೆಯಿರಿ.

ವಸ್ತುವಿನ ಮೂಲಕ ಹಿಂಸೆಯನ್ನು ಮಾತಾಡಿಸುವ ಕೆಲಸ ಕನ್ನಡ ನಾಡಿಗೂ ಹೊಸತಲ್ಲ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಕಲಾವಿದೆ ಶೀಲಾ ಗೌಡ 1992ರ ಕೋಮುಹಿಂಸೆಯ ನಂತರದ ದಿನಗಳಲ್ಲಿ ತೈಲವರ್ಣ ಬಿಟ್ಟು ಸೆಗಣಿಯತ್ತ ತಿರುಗಿದರು. ಮುಂದೆ ಸೂಜಿಗಳ ಕಣ್ಣಿಗೆ ಪೋಣಿಸಿದ ದಾರವನ್ನು ಕುಂಕುಮ, ಅಂಟು ಬಳಿದು ಹಗ್ಗವಾಗಿಸಿದರು. ಗೋಡೆಯ ಮೇಲೆ ಹರಿದಾಡುವ ಆ ಕೆಂಪು ಹಗ್ಗದ ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ತೂಗುತ್ತವೆ. ಮನೆಯೊಳಗಿನ ಹೆಣ್ಣಿನ ದುಡಿಮೆ ಮತ್ತು ನೋವನ್ನು ಬೇರೆ ಯಾವ ಬಣ್ಣದಲ್ಲೂ ಹೀಗೆ ಹೇಳಲಾಗದು. ಈ ದಾರಿ ಹಿಡಿಯುವ ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಅರಿಸಿನಕ್ಕೆ ಸುಣ್ಣದಂಥ ಕ್ಷಾರ ಬೆರೆಸಿ ಮಾಡಿದ ಕುಂಕುಮದ ಕೆಂಪು ಬಿಸಿಲಿಗೆ ಮಾಸುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಹಾಗಾಗಿ ಅಂಟನ್ನು ಮೊದಲೇ ಪರೀಕ್ಷಿಸಿ. ಮರದಿಂದ ಒಸರುವ ಅಂಟು ಮಳೆಗಾಲದಲ್ಲಿ ಜಿಗುಟಾಗಿ ಧೂಳು, ಬೆಳ್ಳಿಹುಳ ಎರಡನ್ನೂ ಕರೆಯುತ್ತದೆ. ಉಕ್ಕಿನ ಸೂಜಿ ತುಕ್ಕು ಹಿಡಿದು ದಾರವನ್ನು ತಿನ್ನುತ್ತದೆ. ಸೆಗಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸದಿದ್ದರೆ ಬಿರಿಯುತ್ತದೆ, ಬೇವಿನೆಣ್ಣೆ ಸೇರಿಸದಿದ್ದರೆ ಹುಳು ಬೀಳುತ್ತದೆ.

ಇನ್ನು ನಮ್ಮ ಸ್ಮಾರಕ ಸಮಿತಿಗಳ ಮಾತು. ಸೇನೆ ಕೊಟ್ಟ ನಿವೃತ್ತ ಟ್ಯಾಂಕನ್ನು ಕಟ್ಟೆಯ ಮೇಲೆ ನಿಲ್ಲಿಸಿ ವರ್ಷಕ್ಕೊಮ್ಮೆ ಬಣ್ಣ ಬಳಿಯುವುದು ಸೈನಿಕರಿಗೆ ಗೌರವ, ಸರಿ. ಆದರೆ ಅದು ಯುದ್ಧದಲ್ಲಿ ಸತ್ತವರ ಬಗ್ಗೆ ಮಾತಾಡುವ ಕಲಾಕೃತಿಯಲ್ಲ, ಎರಡನ್ನೂ ಒಂದೇ ಎಂದು ಭಾವಿಸಬಾರದು. (ಟ್ಯಾಂಕಿನ ತಳದಲ್ಲಿ ನೀರು ಹೋಗುವ ತೂತು ತೆರೆದಿದೆಯೇ ಎಂದು ಪ್ರತಿ ಮಳೆಗಾಲಕ್ಕೆ ಮೊದಲು ನೋಡಿ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ಕೊಳೆಯುತ್ತದೆ.) ಊರ ಬಾಗಿಲಿನ ವೀರಗಲ್ಲಿಗೆ ಎನಾಮಲ್ ಬಣ್ಣ ಬಳಿಯುವುದನ್ನಂತೂ ಕೂಡಲೇ ನಿಲ್ಲಿಸಬೇಕು. ಕಲ್ಲಿನೊಳಗಿನ ತೇವ ಹೊರಬರಲಾಗದೆ ಬಣ್ಣದ ಜೊತೆ ಕಲ್ಲಿನ ಚಕ್ಕೆಯೂ ಏಳುತ್ತದೆ, ಅಕ್ಷರಗಳು ಅದರೊಂದಿಗೆ ಹೋಗುತ್ತವೆ. ಫೈಬರ್ ಗ್ಲಾಸಿನ ಮೂರ್ತಿಗೆ ಕಂಚಿನ ಬಣ್ಣ ಹೊಡೆದು ‘ಕಂಚಿನ ಪ್ರತಿಮೆ’ ಎಂದು ಫಲಕ ಹಾಕುವುದು ಸತ್ತವರಿಗೆ ಮಾಡುವ ವಂಚನೆ. ಹಣ ಕಡಿಮೆಯಿದ್ದರೆ ಅಂಗೈಯಗಲದ ನಿಜವಾದ ಕಂಚೇ ಸಾಕು.

ಕಾನೂನು ಮರೆಯಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗಗಳೂ, ತೋಟಾದ ಭಾಗಗಳೂ ಸೇರುತ್ತವೆ. ಗುಜರಿಯಲ್ಲಿ ಸಿಕ್ಕಿತೆಂದು ನಳಿಗೆಯನ್ನೋ ಖಾಲಿ ತೋಟಾಗಳನ್ನೋ ತಂದು ಸ್ಟುಡಿಯೊದಲ್ಲಿ ಇಟ್ಟುಕೊಂಡರೆ ಪ್ರಕರಣ ದಾಖಲಾಗಬಹುದು. ಜಪ್ತಿಯಾದ ಶಸ್ತ್ರಗಳನ್ನು ಸಕ್ಷಮ ಪ್ರಾಧಿಕಾರ ನಾಶಪಡಿಸಿದ ಮೇಲೆ, ಲಿಖಿತ ಅನುಮತಿಯೊಂದಿಗೆ ಲೋಹವಾಗಿ ಪಡೆಯುವುದೊಂದೇ ನೇರ ದಾರಿ.

ಸಂಸ್ಕೃತಿ ಇಲಾಖೆ, ಶಿಲ್ಪಕಲಾ ಅಕಾಡೆಮಿ, ಜಿಲ್ಲಾಡಳಿತಗಳಲ್ಲಿ ನಮ್ಮ ವಿನಂತಿ ಇಷ್ಟೆ. ಇಂಥ ವಸ್ತುಗಳಿಂದ ಸ್ಮಾರಕ ಮಾಡಿಸುವಾಗ ಟೆಂಡರ್‌ನಲ್ಲಿ ಎತ್ತರ ಮತ್ತು ತೂಕದ ಜೊತೆಗೆ ವಸ್ತುವಿನ ದಾಖಲೆಯನ್ನೂ ಕಡ್ಡಾಯ ಮಾಡಿ: ಎಲ್ಲಿಂದ ಬಂತು, ಯಾರು ಕೊಟ್ಟರು, ಎಷ್ಟು ಬಂತು, ಕತ್ತರಿಸುವ ಅಥವಾ ಕರಗಿಸುವ ಮುನ್ನ ತೆಗೆದ ಚಿತ್ರ, ಎರಕದಲ್ಲಿ ಎಷ್ಟು ನಷ್ಟವಾಯಿತು, ಮಿಕ್ಕ ಲೋಹ ಎಲ್ಲಿ ಹೋಯಿತು. ಅನ್ಯಾಯಕ್ಕೆ ಒಳಗಾದವರು ಅಥವಾ ಅವರ ಮನೆಯವರು ಯಾವ ಹಂತದಲ್ಲಿ ಕೈಜೋಡಿಸಿದರು ಎಂಬುದೂ ಅದರಲ್ಲಿರಲಿ, ಅವರು ಹೆಸರು ಬೇಡವೆಂದರೆ ಹೆಸರಿಲ್ಲದೆ. ಹತ್ತು ವರ್ಷದ ನಿರ್ವಹಣೆಯ ಹಣವನ್ನು ಮೊದಲೇ ತೆಗೆದಿಡಿ. ಯಾವ ಮೇಣ, ಯಾವ ಎಣ್ಣೆ, ವರ್ಷದಲ್ಲಿ ಎಷ್ಟು ಸಲ ಎಂದು ಶಿಲ್ಪಿಯಿಂದಲೇ ಬರೆಸಿಕೊಳ್ಳಿ. ಈ ದಾಖಲೆಯ ಒಂದು ಪ್ರತಿ ಸ್ಮಾರಕದ ಬಳಿಯೇ, ಕನ್ನಡದಲ್ಲಿ, ಬಂದವರಿಗೆ ಓದಲು ಸಿಗುವಂತಿರಲಿ.

ಇಂತಿ,
ಲೋಹಶಿಲ್ಪ ಮತ್ತು ಎರಕದ ಕೆಲಸಗಾರರು, ಬೆಂಗಳೂರು